ಎಲ್ಲಿ ನಿಂತು ತೆಗೆದಿರಿ?

1994ರ ಚಳಿಗಾಲದಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಂತು ನಾನು ಒಂದು ಹೆಜ್ಜಾರ್ಲೆಯ (ಪೆಲಿಕನ್ ಹಕ್ಕಿಯ) ಚಿತ್ರ ತೆಗೆದಿದ್ದೆ. 36 ಫ್ರೇಮುಗಳ ಕಪ್ಪು ಬಿಳುಪು ರೋಲಿನಲ್ಲಿ ಮನಸ್ಸಿಗೆ ಹಿಡಿಸಿದ್ದು ಅದೊಂದೇ. ಸ್ಟುಡಿಯೊದವರಿಗೆ ದುಂಬಾಲು ಬಿದ್ದು 10×12 ಇಂಚಿನ ಪ್ರಿಂಟ್ ಹಾಕಿಸಿ, ಕಂದು ಕಾಗದದಲ್ಲಿ ಸುತ್ತಿಕೊಂಡು, ಹವ್ಯಾಸಿಗಳ ಒಂದು ಕೂಟಕ್ಕೆ ಒಯ್ದೆ. ಅಲ್ಲಿ ಚಿತ್ರಗಳನ್ನು ನೋಡಿ ಅಭಿಪ್ರಾಯ ಹೇಳಲು ಬಂದಿದ್ದವರೊಬ್ಬರು ಪ್ರಿಂಟನ್ನು ಎತ್ತಿಕೊಂಡು, "ಇದರಲ್ಲಿ ಏನೂ ಇಲ್ಲ" ಎಂದು ಕೆಳಗಿಟ್ಟು ಮುಂದಿನದಕ್ಕೆ ಕೈ ಹಾಕಿದರು. ಆ ಮಾತು ತಪ್ಪೇನೂ ಆಗಿರಲಿಲ್ಲವೆಂದು ಈಗ ನನಗೆ ಗೊತ್ತು. ಆದರೆ ಅದನ್ನು ಕೇಳಿಸಿಕೊಂಡು ಮನೆಗೆ ಬಂದವನಿಗೆ ಮರುದಿನ ಮಾಡಲು ಯಾವ ಕೆಲಸವೂ ಸಿಗಲಿಲ್ಲ. ಕ್ಯಾಮೆರಾ ನಾಲ್ಕು ತಿಂಗಳು ಬೀರುವಿನಿಂದ ಹೊರಗೆ ಬರಲಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಮೇಷ್ಟರಿದ್ದರು. ಬಚ್ಚಲುಮನೆಯ ಕಿಟಕಿಗೆ ಕಪ್ಪು ಬಟ್ಟೆ ಹೊಡೆದು, ರಾತ್ರಿ ಹೊತ್ತು ಅದನ್ನೇ ಡಾರ್ಕ್‌ರೂಮ್ ಮಾಡಿಕೊಂಡು ತಮ್ಮ ಚಿತ್ರಗಳನ್ನು ತಾವೇ ಪ್ರಿಂಟ್ ಹಾಕಿಕೊಳ್ಳುತ್ತಿದ್ದವರು. ಆ ಹೆಜ್ಜಾರ್ಲೆಯ ಚಿತ್ರ ಹೇಗೋ ಅವರ ಕಣ್ಣಿಗೆ ಬಿತ್ತು. ಅದನ್ನು ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, "ಬೆಳಕು ಎಡಗಡೆಯಿಂದ ಬರ್ತಿದೆ. ಹಕ್ಕಿ ಬೂದು, ನೀರೂ ಬೂದು. ಕೊಕ್ಕು ಎಲ್ಲಿ ಮುಗೀತು, ನೀರು ಎಲ್ಲಿ ಶುರುವಾಯ್ತು ಅಂತ ನನಗೆ ಹುಡುಕಬೇಕಾಯ್ತು. ಎಲ್ಲಿ ನಿಂತಿದ್ದೆಯಪ್ಪ ಇದನ್ನು ತೆಗೆಯುವಾಗ?" ಎಂದು ಕೇಳಿದರು. ಏರಿಯ ಮೇಲೆ ಎಂದೆ. "ಏರಿ ಇಳಿದು ನೀರಿನ ಮಟ್ಟಕ್ಕೆ ಕೂತರೆ ಹಕ್ಕಿಯ ಹಿಂದೆ ಏನು ಬರುತ್ತೆ, ನೋಡ್ಕೊಂಡು ಬಾ" ಎಂದರು. ಚೆನ್ನಾಗಿದೆ ಎಂದಾಗಲಿ ಚೆನ್ನಾಗಿಲ್ಲ ಎಂದಾಗಲಿ ಅವರ ಬಾಯಿಂದ ಬರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಹೋಗಿ ಕೂತು ನೋಡಿದೆ. ಎತ್ತರದಲ್ಲಿ ನಿಂತು ಕೆಳಗೆ ನೋಡಿದಾಗ ನೀರಿನಲ್ಲಿ ಕಾಣುವುದು ಮೇಲಿನ ಬಿಳಿ ಆಕಾಶ. ನೀರಿನ ಮಟ್ಟಕ್ಕೆ ಬಂದರೆ ಅದೇ ನೀರಿನಲ್ಲಿ ಎದುರು ದಡದ ಮರಗಳು ಮೂಡುತ್ತವೆ, ನೀರು ಕಪ್ಪಗಾಗುತ್ತದೆ, ಬೂದುಬಣ್ಣದ ಹಕ್ಕಿ ಅದರ ಎದುರು ಬಿಡಿಸಿಟ್ಟ ಹಾಗೆ ಎದ್ದು ಕಾಣುತ್ತದೆ. ಇದನ್ನು ಯಾವ ಪುಸ್ತಕವೂ ನನಗೆ ಇಷ್ಟು ಗಟ್ಟಿಯಾಗಿ ಕಲಿಸಿರಲಿಲ್ಲ, ಏಕೆಂದರೆ ನನ್ನದೇ ಚಿತ್ರದ ಕೊರತೆಗೆ ನನ್ನದೇ ಕಾಲುಗಳಲ್ಲಿ ಉತ್ತರವಿತ್ತು. ಇವತ್ತು ನಾನು ಹತ್ತು ಹದಿನೈದು ಜನ ಹವ್ಯಾಸಿಗಳ ಚಿತ್ರಗಳನ್ನು ತಿಂಗಳಿಗೊಮ್ಮೆ ಕೂತು ನೋಡುವ ಸ್ಥಾನದಲ್ಲಿದ್ದೇನೆ. ಒಂದು ಶಾಲೆಯ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಪ್ರೊಜೆಕ್ಟರ್ ಹಾಕಿಕೊಂಡು ಸೇರುತ್ತೇವೆ. ಮೇಷ್ಟರ ಪ್ರಶ್ನೆಯೊಂದನ್ನು ಬಿಟ್ಟರೆ ನನ್ನ ಬಳಿ ದೊಡ್ಡ ಬಂಡವಾಳವೇನೂ ಇಲ್ಲ. ಆದರೆ ಆ ಪ್ರಶ್ನೆಯನ್ನು ಕೇಳುವ ಮುಂಚೆ ಅವರು ಮಾಡಿದ ಕೆಲಸವನ್ನು ಅರ್ಥಮಾಡಿಕೊಳ್ಳಲು ನನಗೆ ಬಹಳ ವರ್ಷ ಬೇಕಾದವು. ಅವರು ಮೊದಲು ತಮ್ಮ ಕಣ್ಣಿಗೆ ಏನು ಕಂಡಿತು, ತಮ್ಮ ಕಣ್ಣು ಎಲ್ಲಿ ತಡವರಿಸಿತು ಎಂಬುದನ್ನು ಹೇಳಿದ್ದರು.

ಚಿತ್ರ ತೆಗೆದವರಿಗೂ ನೋಡುವವರಿಗೂ ನಡುವೆ ಇರುವ ಅಂತರ ಸಣ್ಣದಲ್ಲ. ತೆಗೆದವರು ಆ ಜಾಗದಲ್ಲಿ ಇದ್ದವರು. ಅಲ್ಲಿನ ಚಳಿ, ಸದ್ದು, ವಾಸನೆ, ಅಷ್ಟು ದೂರ ನಡೆದು ಹೋದ ಆಯಾಸ, ಎದುರಿಗಿದ್ದ ವ್ಯಕ್ತಿಯ ಮೇಲಿನ ಪ್ರೀತಿ ಎಲ್ಲವೂ ಅವರಿಗೆ ಆ ಚೌಕಟ್ಟಿನೊಳಗೇ ಇರುವಂತೆ ತೋರುತ್ತದೆ. ನೋಡುವವರಿಗೆ ಸಿಗುವುದು ಚೌಕಟ್ಟಿನೊಳಗಿನ ಬೆಳಕು ನೆರಳು ಮಾತ್ರ. ನಮ್ಮ ಕೂಟಕ್ಕೆ ಬರುವ ಹುಡುಗಿಯೊಬ್ಬಳು ತನ್ನ ಅಜ್ಜಿ ಹೂ ಕಟ್ಟುತ್ತಿರುವ ಚಿತ್ರವನ್ನು ತಂದಿದ್ದಳು. ಅಜ್ಜಿಯ ಬೆರಳುಗಳು, ಬಾಳೆನಾರು, ಮೊರದ ತುಂಬ ಮಲ್ಲಿಗೆ ಎಲ್ಲ ಇದ್ದವು. ಆದರೆ ಹಿಂದಿನ ಗೋಡೆಯ ಮೇಲೆ ದಪ್ಪ ದಪ್ಪ ಅಂಕಿಗಳ ಒಂದು ಕ್ಯಾಲೆಂಡರ್ ಇತ್ತು. ಅಕ್ಷರ, ಅಂಕಿ, ಮನುಷ್ಯರ ಮುಖ, ಚೌಕಟ್ಟಿನಲ್ಲೆಲ್ಲ ಅತಿ ಬೆಳ್ಳಗಿರುವ ಭಾಗ ಇವು ನೋಡುವವರ ಕಣ್ಣನ್ನು ಬೇಡವೆಂದರೂ ಎಳೆಯುತ್ತವೆ. ನಾವೆಲ್ಲರೂ ಮೊದಲು ಓದಿದ್ದು ಕ್ಯಾಲೆಂಡರನ್ನು. ಆ ಹುಡುಗಿ ಚಿತ್ರವನ್ನು ನೂರು ಸಲ ನೋಡಿದ್ದರೂ ಅಲ್ಲೊಂದು ಕ್ಯಾಲೆಂಡರ್ ಇದೆ ಎಂಬುದೇ ಅವಳ ಗಮನಕ್ಕೆ ಬಂದಿರಲಿಲ್ಲ. ಅವಳಿಗೆ ಅದು ಹುಟ್ಟಿದಾಗಿನಿಂದ ನೋಡಿದ ಗೋಡೆ. "ಹಿನ್ನೆಲೆ ಸರಿಯಿಲ್ಲ" ಎಂದಿದ್ದರೆ ಅವಳಿಗೆ ನೋವಾಗುತ್ತಿತ್ತು, ಅಷ್ಟೇ. "ನನ್ನ ಕಣ್ಣು ಮೊದಲು ಕ್ಯಾಲೆಂಡರಿಗೆ ಹೋಯಿತು, ಅಲ್ಲಿಂದ ಅಜ್ಜಿಯ ಕೈಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು" ಎಂದಾಗ ಅವಳು ತಾನೇ ಪರದೆಯ ಹತ್ತಿರ ಹೋಗಿ ನಿಂತು, ಎರಡು ಹೆಜ್ಜೆ ಬಲಕ್ಕೆ ಸರಿದಿದ್ದರೆ ಅಜ್ಜಿಯ ಹಿಂದೆ ಬಾಗಿಲಿನ ಕತ್ತಲು ಬರುತ್ತಿತ್ತು ಎಂದಳು. ಅದನ್ನು ನಾನು ಹೇಳಲು ಸಾಧ್ಯವೇ ಇರಲಿಲ್ಲ. ಆ ಬಾಗಿಲು ಚಿತ್ರದಲ್ಲಿರಲಿಲ್ಲ.

ಹೊಗಳಿಕೆಯ ವಿಷಯದಲ್ಲಿಯೂ ನನಗೆ ಇದೇ ಅನ್ನಿಸುತ್ತದೆ. "ಸೂಪರ್" ಎಂಬ ಮಾತು "ಏನೂ ಇಲ್ಲ" ಎಂಬ ಮಾತಿನಷ್ಟೇ ಬರಿದಾದದ್ದು. ಹೊಸಬರಿಗೆ ತಮ್ಮ ಚಿತ್ರದಲ್ಲಿ ಒಳ್ಳೆಯದಾಗಿ ಒದಗಿದ್ದು ಯಾವುದು ಎಂಬುದು ಅನೇಕ ಸಲ ಗೊತ್ತೇ ಇರುವುದಿಲ್ಲ. ಅದು ಅದೃಷ್ಟದಿಂದ ಬಂದಿರಬಹುದು, ಅರಿವಿಲ್ಲದ ಅಭಿರುಚಿಯಿಂದ ಬಂದಿರಬಹುದು. ಯಾರೂ ಹೇಳದಿದ್ದರೆ ಮುಂದಿನ ಸಲ ತಪ್ಪನ್ನು ತಿದ್ದುವ ಭರದಲ್ಲಿ ಅವರು ಅದನ್ನೇ ಕಳೆದುಕೊಂಡು ಬರುತ್ತಾರೆ. ಅಜ್ಜಿಯ ಚಿತ್ರವನ್ನು ಅವಳು ನೆಲದ ಮೇಲೆ ಕೂತು, ಅಜ್ಜಿಯ ಕಣ್ಣಿನ ಮಟ್ಟದಿಂದ ತೆಗೆದಿದ್ದಳು. ನಿಂತುಕೊಂಡು ತೆಗೆದಿದ್ದರೆ ಆ ಆಪ್ತತೆ ಬರುತ್ತಿರಲಿಲ್ಲ. ಅದನ್ನು ಹೆಸರಿಟ್ಟು ಹೇಳಬೇಕಾಗಿತ್ತು, ಹೇಳಿದೆ.

ತಾಂತ್ರಿಕ ದೋಷಗಳ ವಿಷಯಕ್ಕೆ ಬಂದರೆ, ನಾವು ಬಳಸುವ ಮಾತುಗಳು ಬಹುಪಾಲು ರೋಗದ ಹೆಸರುಗಳಾಗಿರುತ್ತವೆಯೇ ಹೊರತು ಅದರ ಕಾರಣವನ್ನು ಹೇಳುವುದಿಲ್ಲ. "ಶಾರ್ಪ್ ಇಲ್ಲ" ಎಂಬುದನ್ನೇ ತೆಗೆದುಕೊಳ್ಳಿ. ಚಿತ್ರ ಮಸುಕಾಗುವುದಕ್ಕೆ ಕನಿಷ್ಠ ಮೂರು ಬೇರೆ ಬೇರೆ ಕಾರಣಗಳಿವೆ, ಮೂರಕ್ಕೂ ಮದ್ದು ಬೇರೆ. ಚೌಕಟ್ಟಿನಲ್ಲಿರುವುದೆಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಮಸುಕಾಗಿದ್ದರೆ ಅದು ಕೈ ಅಲುಗಿದ್ದು. ಕೊಂಬೆ, ಎಲೆ ಸ್ಪಷ್ಟವಾಗಿದ್ದು ಹಕ್ಕಿಯ ರೆಕ್ಕೆ ಮಾತ್ರ ಕಲಸಿಹೋಗಿದ್ದರೆ ಅದು ಹಕ್ಕಿಯ ಚಲನೆ. ಹಕ್ಕಿಯ ಕಣ್ಣು ಮಂಜಾಗಿ, ಅದರ ಮುಂದಿನ ಅಥವಾ ಹಿಂದಿನ ಹುಲ್ಲು ಚೂಪಾಗಿ ಕಾಣುತ್ತಿದ್ದರೆ ಫೋಕಸ್ ಬೇರೆಡೆ ಬಿದ್ದಿದೆ. ಕೈ ಅಲುಗಿದ್ದಕ್ಕೆ ಹಳೆಯ ಸೂತ್ರವಿದೆ: 300 ಮಿಲಿಮೀಟರ್ ಲೆನ್ಸ್ ಇದ್ದರೆ ಷಟರ್ ವೇಗ ಸೆಕೆಂಡಿನ 1/300 ಭಾಗಕ್ಕಿಂತ ನಿಧಾನವಾಗಬಾರದು, ಸಣ್ಣ ಸೆನ್ಸರಿನ ಕ್ಯಾಮೆರಾಗಳಲ್ಲಿ 1/500ಕ್ಕೆ ಹೋಗುವುದು ಕ್ಷೇಮ. ಲೆನ್ಸಿನೊಳಗಿನ ಸ್ಥಿರಕಾರಿ ವ್ಯವಸ್ಥೆ ಇಲ್ಲಿ ನೆರವಿಗೆ ಬರುತ್ತದೆ, ಆದರೆ ಹಾರುವ ಹಕ್ಕಿಯನ್ನು ಅದು ನಿಲ್ಲಿಸಲಾರದು. ಅದಕ್ಕೆ 1/2000ದ ಆಸುಪಾಸಿನ ವೇಗವೇ ಬೇಕು, ಅಷ್ಟು ವೇಗಕ್ಕೆ ಬೇಕಾದ ಬೆಳಕಿನ ಸೂಕ್ಷ್ಮತೆಯನ್ನು, ಅಂದರೆ ಐಎಸ್‌ಒ ಏರಿಸಲು ಧೈರ್ಯವೂ ಬೇಕು. ಚಿತ್ರವನ್ನು ದೊಡ್ಡದು ಮಾಡಿ ಎಲ್ಲಿ ಯಾವ ಬಗೆಯ ಮಸುಕಿದೆ ಎಂದು ನೋಡದೆ "ಟ್ರೈಪಾಡ್ ಬಳಸಿ" ಎಂದುಬಿಡುವವರು, ಜ್ವರ ಯಾವುದೆಂದು ನೋಡದೆ ಮಾತ್ರೆ ಕೊಟ್ಟ ಹಾಗೆ ಮಾಡುತ್ತಿದ್ದಾರೆ. ನಾನೂ ಬಹಳ ಕಾಲ ಹಾಗೆ ಮಾಡಿದ್ದೇನೆ.

ಇನ್ನೊಂದು ನಿತ್ಯದ ಉದಾಹರಣೆ ಬೆಳ್ಳಕ್ಕಿ. ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದ ಜಾಗ. ನಮ್ಮ ಕಡೆಯ ಹವ್ಯಾಸಿಗಳಲ್ಲಿ ಅನೇಕರ ಮೊದಲ ಹಕ್ಕಿಚಿತ್ರ ಅಲ್ಲಿಯದೇ. ಕಾವೇರಿಯ ಕಪ್ಪು ನೀರಿನ ಮುಂದೆ ಬಂಡೆಯ ಮೇಲೆ ನಿಂತ ಬೆಳ್ಳಕ್ಕಿ, ಗರಿಯೊಂದೂ ಕಾಣದಂತೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಬರುತ್ತದೆ. "ವೈಟ್ ಬರ್ನ್ ಆಗಿದೆ" ಎಂದು ಕೋಣೆಯಲ್ಲಿ ನಾಲ್ಕು ಜನ ಒಟ್ಟಿಗೆ ಹೇಳುತ್ತಾರೆ. ಏಕೆ ಆಯಿತೆಂದು ಹೇಳುವವರು ಕಡಿಮೆ. ಕ್ಯಾಮೆರಾದ ಮೀಟರು ತಾನು ಅಳೆದ ಭಾಗ ಒಟ್ಟಾರೆ ನಡುಬೂದು ಬಣ್ಣದ್ದು ಎಂದು ಭಾವಿಸಿ ಲೆಕ್ಕ ಹಾಕುತ್ತದೆ. ಸುತ್ತಲೂ ಕಪ್ಪು ನೀರೇ ತುಂಬಿದ್ದರೆ ಅದನ್ನು ಬೂದು ಮಾಡುವ ಸಲುವಾಗಿ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ, ಆ ಬೆಳಕಿಗೆ ಪುಟ್ಟ ಬಿಳಿ ಹಕ್ಕಿ ಸುಟ್ಟುಹೋಗುತ್ತದೆ. ಒಂದು ಸ್ಟಾಪ್ ಕಡಿಮೆ ಮಾಡಿ, ಅಂದರೆ ಬೆಳಕನ್ನು ಅರ್ಧಕ್ಕೆ ಇಳಿಸಿ ತೆಗೆದು, ಹಿಸ್ಟೋಗ್ರಾಮ್ (ಚಿತ್ರದ ಕಪ್ಪು ಬಿಳುಪಿನ ಹಂಚಿಕೆ ತೋರುವ ನಕ್ಷೆ) ಬಲಗಡೆಯ ಗೋಡೆಗೆ ತಾಗಿದೆಯೇ ಎಂದು ನೋಡಿ, ಬೇಕಿದ್ದರೆ ಇನ್ನಷ್ಟು ಇಳಿಸಿದರೆ ಗರಿಗಳು ಉಳಿಯುತ್ತವೆ. ಮೊಬೈಲಿನಲ್ಲಿ ತೆಗೆಯುವವರು ಹಕ್ಕಿಯ ಮೇಲೆ ಬೆರಳಿಟ್ಟು ಬೆಳಕನ್ನು ಕೆಳಗೆ ಎಳೆದರೆ ಆಯಿತು. ಕಾರಣ ಗೊತ್ತಾದವರು ಬೆಳ್ಳಕ್ಕಿಗೆ ಮಾತ್ರವಲ್ಲ, ರಾತ್ರಿ ಯಕ್ಷಗಾನದ ರಂಗಸ್ಥಳದಲ್ಲಿ ಕಪ್ಪು ಪರದೆಯ ಮುಂದೆ ನಿಂತ ವೇಷದ ಮುಖಕ್ಕೂ ಇದನ್ನೇ ಮಾಡುತ್ತಾರೆ, ಯಾರೂ ಹೇಳಿಕೊಡಬೇಕಾಗಿಲ್ಲ.

ಎಲ್ಲಕ್ಕಿಂತ ಕಷ್ಟ ನನಗೆ ಕೊರತೆಯೇ ಇಲ್ಲದ ಚಿತ್ರದ ಬಗ್ಗೆ ಮಾತಾಡುವುದು. ಕಂಬಳದ ಚಿತ್ರಗಳು ಹಾಗೆ. ನವೆಂಬರಿನಿಂದ ಮಾರ್ಚಿನವರೆಗೆ ಕರಾವಳಿಯ ಕಂಬಳಗಳಿಗೆ ರಾತ್ರಿ ಬಸ್ಸು ಹತ್ತಿ ಹೋಗಿ, ಓಟ ಮುಗಿಯುವ ತುದಿಯಲ್ಲಿ ನೂರಾರು ಕ್ಯಾಮೆರಾಗಳ ನಡುವೆ ಜಾಗ ಹಿಡಿದು ನಿಂತರೆ, ಎದುರಿನಿಂದ ಬರುವ ಜೋಡಿ ಕೋಣಗಳು, ಸುತ್ತ ಸ್ಫೋಟಿಸಿದಂತೆ ಚಿಮ್ಮುವ ಕೆಸರುನೀರು, ಹಿಂದೆ ಬಾಯಿ ತೆರೆದು ಓಡುವ ಓಟಗಾರ ಎಲ್ಲವೂ ಸಿಗುತ್ತದೆ. ನಮ್ಮ ಕೂಟದ ಒಬ್ಬ ಹುಡುಗ ತಂದ ಚಿತ್ರ ಅಂಥದ್ದು. ಪ್ರತಿ ಹನಿಯೂ ಗಾಜಿನಂತೆ ನಿಂತಿತ್ತು. ಅವನು ಅದನ್ನು ಸಲಾನಿಗೆ, ಅಂದರೆ ಛಾಯಾಚಿತ್ರಗಳ ಸ್ಪರ್ಧಾ ಪ್ರದರ್ಶನಕ್ಕೆ ಕಳಿಸಿದ್ದ, ಆಯ್ಕೆಯಾಗಿರಲಿಲ್ಲ. "ಏನು ತಪ್ಪಾಗಿದೆ ಸರ್?" ಎಂದು ಕೇಳಿದ.

ಸಲಾನ್ ಸ್ಪರ್ಧೆಗಳ ಬಗ್ಗೆ ನನಗೆ ಗೌರವವಿದೆ. ಬೆಂಗಳೂರಿನ ಡಾ. ಜಿ. ಥಾಮಸ್ ಅವರು 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟವನ್ನು ಕಟ್ಟಿದರು, 1971ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು; ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರು ಕರ್ನಾಟಕದ ಕಾಡು ಮತ್ತು ಹಕ್ಕಿಗಳ ಚಿತ್ರಗಳನ್ನು ಜಗತ್ತಿನ ಮುಂದಿಟ್ಟದ್ದು ಈ ಸಲಾನುಗಳ ಗೋಡೆಗಳ ಮೇಲೆಯೇ. ಪೆರುಮಾಳ್ ಅವರ ಕೈಕೆಳಗೆ ಕಲಿತವರ ಒಂದು ತಲೆಮಾರೇ ಇದೆ. ಆದರೆ ಸಲಾನಿನಲ್ಲಿ ತೀರ್ಪುಗಾರರು ಸಾವಿರಾರು ಚಿತ್ರಗಳನ್ನು ಕೆಲವು ಕ್ಷಣಗಳಂತೆ ನೋಡಿ ಅಂಕ ಕೊಡುತ್ತಾರೆ. ಅಂಕ ಹೇಳುವುದು ಆ ಚಿತ್ರ ಅವತ್ತಿನ ಸಾಲಿನಲ್ಲಿ ಎಲ್ಲಿ ನಿಂತಿತು ಎಂಬುದನ್ನು ಮಾತ್ರ. ಅದರ ಹಿಂದೆ ನಿಂತ ಮನುಷ್ಯ ಮುಂದಿನ ಸಲ ಏನು ಮಾಡಬಹುದು ಎಂಬುದು ಅಂಕದಲ್ಲಿ ಇರುವುದಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ.

ಆ ಹುಡುಗನಿಗೆ ತಪ್ಪೇನೂ ಆಗಿಲ್ಲ ಎಂದೆ. ಎಲ್ಲಿ ನಿಂತಿದ್ದೆ ಎಂದು ಕೇಳಿದೆ. ಎಲ್ಲರೂ ನಿಲ್ಲುವ ಜಾಗವೇ ಎಂದ. ಬೇರೆ ಎಲ್ಲಾದರೂ ನಿಂತು ತೆಗೆದದ್ದು ಇದೆಯೇ ಎಂದಾಗ, ಬೇಡವೆಂದು ಬಿಟ್ಟಿದ್ದ ಚಿತ್ರಗಳನ್ನು ಮೊಬೈಲಿನಲ್ಲಿ ತೆರೆದ. ಅದರಲ್ಲೊಂದು ಕರೆಯ (ಕೋಣಗಳು ಓಡುವ ಕೆಸರಿನ ಹಾದಿಯ) ಪಕ್ಕದಿಂದ ತೆಗೆದದ್ದು. ಕನೆಹಲಗೆ ಓಟ, ಮರದ ಹಲಗೆಯ ಮೇಲೆ ನಿಂತ ಓಟಗಾರನ ಕೆಳಗಿನಿಂದ ನೀರು ಕಂಬದಂತೆ ಮೇಲೆದ್ದು, ಎತ್ತರದಲ್ಲಿ ಅಡ್ಡಲಾಗಿ ಕಟ್ಟಿದ ನಿಶಾನೆಯ ಬಟ್ಟೆಯನ್ನು ಒದ್ದೆ ಮಾಡಿತ್ತು. ಕನೆಹಲಗೆಯಲ್ಲಿ ವೇಗಕ್ಕಲ್ಲ, ನೀರು ನಿಶಾನೆಯ ಎತ್ತರಕ್ಕೆ ಚಿಮ್ಮಿತೇ ಎಂಬುದಕ್ಕೆ ಬೆಲೆ. ಅಂದರೆ ಆ ಓಟದ ಅರ್ಥವೇ ಆ ಚೌಕಟ್ಟಿನೊಳಗಿತ್ತು. ಅವನು ಅದನ್ನು ಬಿಟ್ಟದ್ದು ಕೋಣಗಳ ಮುಖ ಕಾಣುವುದಿಲ್ಲವೆಂಬ ಕಾರಣಕ್ಕೆ. ಆ ಚಿತ್ರದಲ್ಲಿ ಕೊರತೆಗಳಿದ್ದವು. ಬಲಗಡೆ ಯಾರದೋ ಭುಜ ಬಂದಿತ್ತು, ಆಕಾಶ ಬಿಳಿಚಿಕೊಂಡಿತ್ತು, ಓಟಗಾರನ ಕಾಲಿನ ಪಾದ ಕತ್ತರಿಸಿತ್ತು. ನಾವು ಮುಕ್ಕಾಲು ಗಂಟೆ ಆ ಕೊರತೆಗಳನ್ನೇ ಮಾತಾಡಿದೆವು: ಎಷ್ಟು ಹಿಂದೆ ಸರಿದರೆ ನಿಶಾನೆಯೂ ಪಾದವೂ ಒಟ್ಟಿಗೆ ಹಿಡಿಯುತ್ತವೆ, ಸೂರ್ಯ ನೀರಿನ ಹಿಂದಿರುವ ಹೊತ್ತು ಯಾವುದು, ಬಟ್ಟೆ ಒದ್ದೆಯಾಗುವ ಕ್ಷಣಕ್ಕೆ ಎಷ್ಟು ಮುಂಚೆ ಬೆರಳು ಒತ್ತಬೇಕು. ಒಳ್ಳೆಯ ಚಿತ್ರದ ಬಗ್ಗೆ ಇಷ್ಟು ಮಾತಾಡಲು ನಮಗೆ ಏನೂ ಇರಲಿಲ್ಲ.

ಕೆಲವು ಚಿತ್ರಗಳ ಮುಂದೆ ಮಾತು ಬೇರೆ ರೀತಿ ಇರಬೇಕಾಗುತ್ತದೆ. ಗೂಡಿನಲ್ಲಿ ಬಾಯ್ದೆರೆದ ಮರಿಗಳ ಚಿತ್ರ ತಂದವರಿಗೆ ಫೋಕಸಿನ ಮಾತು ಆಡುವುದು ನನ್ನಿಂದಾಗದು. ಹಿಂದಿನವರು ಹಕ್ಕಿಗೆ ಕಾಣದಂತೆ ಕೂರಲು ಮರೆಗೂಡು ಕಟ್ಟಿ ಗಂಟೆಗಟ್ಟಲೆ ಕೂತು ಗೂಡಿನ ಚಿತ್ರಗಳನ್ನು ತೆಗೆದದ್ದು ನಿಜ; ಇಂದು ಹಲವು ಸ್ಪರ್ಧೆಗಳು ಅಂಥ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ, ಅದಕ್ಕೆ ಗಟ್ಟಿ ಕಾರಣವಿದೆ. ಕ್ಯಾಮೆರಾ ಹತ್ತಿರವಿರುವಷ್ಟು ಹೊತ್ತು ತಾಯಿಹಕ್ಕಿ ದೂರ ಉಳಿಯುತ್ತದೆ, ಮರಿಗಳು ಬಿಸಿಲಿಗೆ ಬಾಡುತ್ತವೆ, ಚೆನ್ನಾಗಿ ಕಾಣಲೆಂದು ಸರಿಸಿದ ಎಲೆಯ ಕಿಂಡಿಯಿಂದ ಕಾಗೆಗೂ ಗೂಡು ಕಾಣುತ್ತದೆ. ಇಲ್ಲಿಯೂ ನನ್ನ ಪ್ರಶ್ನೆ ಅದೇ, ಎಲ್ಲಿ ನಿಂತಿದ್ದಿರಿ, ಎಷ್ಟು ಹೊತ್ತು ನಿಂತಿದ್ದಿರಿ. ಅದನ್ನು ಎಲ್ಲರ ಎದುರಿಗೆ ಕೇಳುವುದಿಲ್ಲ. ಕೂಟ ಮುಗಿದ ಮೇಲೆ ಮೆಟ್ಟಿಲ ಬಳಿ ಒಬ್ಬರನ್ನೇ ನಿಲ್ಲಿಸಿಕೊಂಡು, ಸುತ್ತಿಬಳಸದೆ ಹೇಳುತ್ತೇನೆ. ಬಹುಪಾಲು ಜನ ಗೊತ್ತಿಲ್ಲದೆ ಮಾಡಿರುತ್ತಾರೆ.

ಇಷ್ಟೆಲ್ಲ ಹೇಳುವ ನಾನು ಎರಡು ವರ್ಷಗಳ ಹಿಂದೆ ಒಂದು ಚಿತ್ರದ ಮುಂದೆ ದೊಡ್ಡ ತಪ್ಪು ಮಾಡಿದೆ. ಗೃಹಿಣಿಯೊಬ್ಬರು ಸಂಕ್ರಾಂತಿಯ ಬೆಳಗಿನ ಬೀದಿಯ ಚಿತ್ರ ತಂದಿದ್ದರು. ಬಲಗಡೆ ಒಂದು ಮನೆಯ ಮುಂದೆ ದೊಡ್ಡ ಚುಕ್ಕಿ ರಂಗೋಲಿ, ಕಬ್ಬಿನ ಜಲ್ಲೆ, ಬಣ್ಣ. ಎಡಗಡೆ ಪಕ್ಕದ ಮನೆಯ ಖಾಲಿ ಅಂಗಳ. ನಾನು ಎರಡು ನಿಮಿಷವೂ ನೋಡಲಿಲ್ಲ. ಎಡಗಡೆ ಏನೂ ಇಲ್ಲ, ಆ ಭಾಗವನ್ನು ಕ್ರಾಪ್ ಮಾಡಿದರೆ ಚಿತ್ರ ಬಿಗಿಯಾಗುತ್ತದೆ ಎಂದು ಹೇಳಿ, ಲ್ಯಾಪ್‌ಟಾಪಿನಲ್ಲಿ ಕತ್ತರಿಸಿಯೂ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮನೆಯವರಿಗೆ ಸೂತಕ ಸರ್, ಅದಕ್ಕೇ ಅಲ್ಲಿ ರಂಗೋಲಿ ಇಲ್ಲ. ನಾನು ತೆಗೆದದ್ದು ಅದನ್ನೇ" ಎಂದರು.

ಏನೂ ಇಲ್ಲ ಎಂಬ ಮಾತು, ಮೂವತ್ತು ವರ್ಷಗಳ ಹಿಂದೆ ನಾನು ಕೇಳಿಸಿಕೊಂಡ ಅದೇ ಮಾತು, ನನ್ನ ಬಾಯಿಂದಲೇ ಬಂದಿತ್ತು. ಸಲಾನುಗಳ ಚಿತ್ರಗಳನ್ನು ನೋಡಿ ನೋಡಿ ನನ್ನ ಕಣ್ಣಿಗೆ ಖಾಲಿ ಜಾಗವೆಂದರೆ ತೆಗೆದುಹಾಕಬೇಕಾದ ಜಾಗ ಎಂಬ ಅಭ್ಯಾಸ ಆಗಿಹೋಗಿತ್ತು. ಅವರ ಚಿತ್ರವನ್ನು ನಾನು ನನ್ನ ಚಿತ್ರವಾಗಿ ತಿದ್ದಲು ಹೊರಟಿದ್ದೆ. ಎಲ್ಲರ ಮುಂದೆಯೇ ಅವರ ಕ್ಷಮೆ ಕೇಳಿ, ಕತ್ತರಿಸಿದ್ದನ್ನು ವಾಪಸ್ ತಂದು, ಮತ್ತೆ ಮೊದಲಿಂದ ನೋಡಲು ಕೂತೆವು. ಹಾಗೆ ನೋಡಿದಾಗ ಹೇಳಬೇಕಾದದ್ದು ತಲೆಕೆಳಗಾಯಿತು. ಬಲಗಡೆಯ ರಂಗೋಲಿ ಅಷ್ಟು ಬೆಳ್ಳಗೆ, ಅಷ್ಟು ದೊಡ್ಡದಾಗಿ ಇದ್ದುದರಿಂದ ಖಾಲಿ ಅಂಗಳದತ್ತ ಕಣ್ಣು ಹೋಗುತ್ತಲೇ ಇರಲಿಲ್ಲ. ಅವರು ಎಡಕ್ಕೆ ನಾಲ್ಕು ಹೆಜ್ಜೆ ನಡೆದು ನಿಂತಿದ್ದರೆ ಖಾಲಿ ಹೊಸ್ತಿಲು ಮುಂದೆ ಬಂದು, ಹಬ್ಬದ ಬಣ್ಣ ಹಿಂದೆ ಸಣ್ಣದಾಗಿ ಉಳಿಯುತ್ತಿತ್ತು. ಖಾಲಿಗೆ ಇನ್ನಷ್ಟು ಜಾಗ ಕೊಡಬೇಕಾಗಿತ್ತು. ಈ ಮಾತನ್ನು ಹೇಳಿದ್ದು ನಾನಲ್ಲ, ಕಂಬಳದ ಚಿತ್ರದ ಹುಡುಗ.

ಅಂದಿನಿಂದ ನಮ್ಮ ಕೂಟದ ಕ್ರಮವನ್ನು ಬದಲಿಸಿಕೊಂಡಿದ್ದೇವೆ. ಚಿತ್ರ ಪರದೆಯ ಮೇಲೆ ಬಂದ ಮೇಲೆ ಒಂದು ನಿಮಿಷ ಯಾರೂ ಮಾತಾಡುವುದಿಲ್ಲ. ಆಮೇಲೆ ನೋಡಿದವರು ತಮಗೆ ಕಂಡದ್ದನ್ನು ಹೇಳುತ್ತಾರೆ, ಅಷ್ಟರವರೆಗೆ ತೆಗೆದವರು ಬಾಯಿ ಬಿಡುವುದಿಲ್ಲ. ಕಣ್ಣು ಎಲ್ಲಿ ಹೋಯಿತೆಂಬುದನ್ನು ತೆಗೆದವರ ವಿವರಣೆ ಕೇಳಿದ ಮೇಲೆ ಪ್ರಾಮಾಣಿಕವಾಗಿ ಹೇಳಲು ಯಾರಿಂದಲೂ ಆಗದು. ನಂತರ ತೆಗೆದವರ ಸರದಿ: ಏನನ್ನು ಹಿಡಿಯಲು ಹೋಗಿದ್ದೆ, ಎಲ್ಲಿ ನಿಂತಿದ್ದೆ ಎಂದು ಅವರು ಹೇಳುತ್ತಾರೆ. ಸಲಹೆಗಳು ಬರುವುದು ಅದಾದ ಮೇಲೆಯೇ, ಅವೂ ಒಂದೆರಡಕ್ಕಿಂತ ಹೆಚ್ಚಿರುವುದಿಲ್ಲ, ಏಕೆಂದರೆ ಏಳು ಸಲಹೆಗಳನ್ನು ಹೊತ್ತುಕೊಂಡು ಮರುದಿನ ಕ್ಯಾಮೆರಾ ಎತ್ತಲು ಯಾರಿಗೂ ಕೈ ಬರುವುದಿಲ್ಲ. ಮೊದಲು ಒಂದು ಮಧ್ಯಾಹ್ನಕ್ಕೆ 40 ಚಿತ್ರಗಳನ್ನು ನೋಡಿ ಮುಗಿಸುತ್ತಿದ್ದೆವು. ಈಗ 12ಕ್ಕೆ ಇಳಿಸಿದ್ದೇವೆ. ಕಳೆದ ತಿಂಗಳು ಅಷ್ಟನ್ನೂ ಮುಗಿಸಲಾಗಲಿಲ್ಲ. ಒಂಬತ್ತನೆಯದರ ಬಗ್ಗೆ ಮಾತು ನಡೆದಿರುವಾಗಲೇ ಶಾಲೆಯ ಕಾವಲುಗಾರರು ಬಾಗಿಲು ಹಾಕಲು ಬಂದು, ಹಿಂದಿನ ಬೆಂಚಿನಲ್ಲಿ ಕೂತು ತಾವೂ ಪರದೆ ನೋಡತೊಡಗಿದರು. ಉಳಿದ ಮೂರು ಚಿತ್ರಗಳನ್ನು ಈ ತಿಂಗಳು ಮೊದಲಿಗೆ ಹಾಕಬೇಕು.